ಹಾಡಿನಲ್ಲಿ ಉಳಿದ ಸುಳ್ಳು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಅವರೇ ಹೇಳಿದ್ದರು. "ನನ್ ಹೆಸ್ರು ನಿನ್ ಪುಸ್ತಕದಾಗೆ ಬರ್ದಿದ್ದು ಸಾಕು ಸಾರ್, ಇನ್ನೂ ಎಷ್ಟು ಬರೀತೀಯ?" ಎಂದಿದ್ದರು. 'ಸಾರ್' ಎಂದೂ 'ನೀನು' ಎಂದೂ ಒಂದೇ ಉಸಿರಿನಲ್ಲಿ ಕರೆಯುವುದು ಅವರಿಗೆ ಮಾತ್ರ ಬರುತ್ತಿತ್ತು. ಮೊದಲನೆಯದು ನನ್ನ ಖಾಕಿಗೆ, ಎರಡನೆಯದು ಖಾಕಿಯೊಳಗೆ ಇದ್ದವನಿಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ.

ಮೂವತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು ನಾನು. ಪೆನ್ನು ಹಿಡಿದರೆ ಕೈ ತಾನಾಗಿ 'ಸದರಿಯವನು' ಎಂದು ಶುರು ಮಾಡುತ್ತದೆ. ಇದನ್ನು ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದ್ದೇನೆ. ಅವರು ಹೋದ ತಿಂಗಳು ಮುಳಬಾಗಿಲಿನಲ್ಲಿ ತೀರಿಕೊಂಡರು. ಮದುವೆ ವಾಲಗದಲ್ಲಿ ಡೋಲು ಬಾರಿಸುತ್ತಿದ್ದವರು, ಕೊರಚರು. ಸಾಯುವ ಮುಂಚೆ 'ಹಾಜರ್' ಎಂಬ ಆಲ್ಬಂ ಮಾಡಿ ಹೋದರು. ಅದರಲ್ಲಿ ಆರು ಹಾಡುಗಳಿವೆ, ಅರ್ಧ ಅವರ ಮನೆಮಾತಿನಲ್ಲಿ, ಅರ್ಧ ತೆಲುಗು ಕನ್ನಡ ಬೆರೆತ ನಮ್ಮ ಸೀಮೆಯ ಮಾತಿನಲ್ಲಿ. ಪತ್ರಿಕೆಯವರು ಅದನ್ನು ಹಾಡಿ ಹೊಗಳಿದರು. ಆ ಆಲ್ಬಂನಲ್ಲಿ ನನ್ನ ದನಿಯೂ ಇದೆ. ಅದು ಹೇಳುತ್ತಿರುವುದು ಸುಳ್ಳು. ಅದನ್ನು ಮರೆಮಾಚಿ ಇವರ ಗುಣಗಾನ ಮಾಡಿದರೆ ಇದೂ ಇನ್ನೊಂದು ಸ್ಟೇಷನ್ ಡೈರಿಯಾಗುತ್ತದೆ, ಅಷ್ಟೇ.

ಅವರನ್ನು ನೆನೆದರೆ ಮೊದಲು ಕಣ್ಣ ಮುಂದೆ ಬರುವುದು ಅವರ ಬಲಗೈ. ಅದರ ನಾಲ್ಕು ಬೆರಳು ಮಡಚುತ್ತಿರಲಿಲ್ಲ. ಟೀ ಲೋಟವನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಕುಡಿಯುತ್ತಿದ್ದರು. ಡೋಲಿನ ಎಡಭಾಗಕ್ಕೆ ಕಡ್ಡಿ, ಬಲಭಾಗಕ್ಕೆ ಬೆರಳು. ಆ ಬೆರಳುಗಳಿಗೆ ಗಟ್ಟಿಯಾದ ಟೋಪಿ ತೊಡಿಸಿಕೊಂಡು ಬಾರಿಸುತ್ತಾರೆ. ಇವರ ಬೆರಳಿಗೆ ಟೋಪಿ ತೊಡಿಸಿದರೂ ಅವು ಆಡಬೇಕಲ್ಲ? ಅದಕ್ಕೆ ಮಣಿಕಟ್ಟಿಗೆ ಇನ್ನೊಂದು ಮೋಟು ಕಡ್ಡಿಯನ್ನು ಬಟ್ಟೆಯಿಂದ ಬಿಗಿದುಕೊಂಡು, ಇಡೀ ತೋಳು ಬೀಸಿ ಹೊಡೆಯುವುದನ್ನು ತಾವೇ ಕಂಡುಕೊಂಡಿದ್ದರು. ಪೆಟ್ಟಿನ ಮೇಲೆ ಪೆಟ್ಟು ಸರಸರ ಉರುಳಿಸುವ ಉರುಳು ನಡೆ ಅವರಿಂದ ಆಗುತ್ತಿರಲಿಲ್ಲ. ಒಂದೊಂದು ಪೆಟ್ಟೂ ಬೇರೆಬೇರೆಯಾಗಿ, ಬಾಗಿಲು ಒದ್ದ ಹಾಗೆ ಬೀಳುತ್ತಿತ್ತು. ಅದನ್ನು ಕೇಳಿ ದೊಡ್ಡ ದೊಡ್ಡ ವಿದ್ವಾಂಸರು ಹೊಸ ಶೈಲಿ ಎಂದು ತಲೆದೂಗಿದ್ದಾರೆ. ಆ ಶೈಲಿಗೆ ಕಾರಣ ನನ್ನ ಬೂಟು.

ಯಾವ ಠಾಣೆ ಎಂದು ಹೇಳುವುದಿಲ್ಲ, ಈ ಜಿಲ್ಲೆಯದೇ. ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಅವರಿಗೆ ಇಪ್ಪತ್ತು. ನಮ್ಮ ಸರಹದ್ದಿನಲ್ಲಿ ಅವರ ಹಟ್ಟಿಯಿತ್ತು. ಎಲ್ಲೇ ಒಂದು ಕೋಳಿ ಕಳುವಾದರೂ ಜೀಪು ನೇರವಾಗಿ ಹೋಗುತ್ತಿದ್ದುದು ಅಲ್ಲಿಗೇ. ಏಕೆ ಎಂದು ನಾವು ಯಾರೂ ಕೇಳಿದವರಲ್ಲ. ಬಿಳಿಯರ ಕಾಲದಲ್ಲಿ ಒಂದು ಕಾನೂನಿತ್ತಂತೆ, ಮೈಸೂರು ಸೀಮೆಗೂ ಬಂದಿತ್ತಂತೆ. ಇಂಥಿಂಥ ಜಾತಿಯಲ್ಲಿ ಹುಟ್ಟಿದ ಕೂಸು ಹುಟ್ಟುವಾಗಲೇ ಕಳ್ಳ, ಅವರ ಗಂಡಸರು ಊರು ಬಿಡುವ ಹಾಗಿಲ್ಲ, ದಿನವೂ ಬಂದು ಹಾಜರಿ ಹಾಕಬೇಕು ಎಂದು. ಸ್ವಾತಂತ್ರ್ಯ ಬಂದಮೇಲೆ ಆ ಕಾನೂನನ್ನು ತೆಗೆದುಹಾಕಿದರು. ನಮ್ಮ ಬೀರುವಿನಲ್ಲಿದ್ದ ಹಾಜರಿ ಪುಸ್ತಕವನ್ನು ಯಾರೂ ತೆಗೆದಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಹನ್ನೊಂದು ಜನ ಠಾಣೆಯ ಅಂಗಳಕ್ಕೆ ಬಂದು ಟವೆಲು ಕಂಕುಳಲ್ಲಿ ಇಟ್ಟುಕೊಂಡು ಸಾಲಾಗಿ ನಿಲ್ಲುತ್ತಿದ್ದರು. ನನಗೆ ದೊಡ್ಡ ಗಂಟಲು ಎಂದು ಹೆಸರು ಕೂಗುವ ಕೆಲಸ ನನ್ನದು. ಒಬ್ಬೊಬ್ಬರೂ "ಹಾಜರ್ ಸ್ವಾಮಿ" ಎನ್ನುತ್ತಿದ್ದರು. ದನಿ ಕಡಿಮೆಯಾದರೆ ಕಪಾಳಕ್ಕೆ ಬೀಳುತ್ತಿತ್ತು.

ಅವರನ್ನು ನಾನು ಮತ್ತೆ ನೋಡಿದ್ದು ನಿವೃತ್ತನಾದ ಮೇಲೆ, ಬೈರಕೂರಿನಲ್ಲಿ, ನನ್ನ ಭಾವಮೈದುನನ ಮಗನ ಮದುವೆಯಲ್ಲಿ. ಮಾಂಗಲ್ಯ ಕಟ್ಟುವ ಹೊತ್ತು. ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದರು. ಡೋಲು ಜೋರಾಯಿತು. ನಾನು ಮುಂದಿನ ಸಾಲಿನಲ್ಲಿ ಅಕ್ಷತೆ ಹಿಡಿದು ಎದ್ದು ನಿಂತೆ. ಡೋಲಿನವರು ಒಮ್ಮೆ ಕತ್ತೆತ್ತಿ ನನ್ನನ್ನು ನೋಡಿದರು. ಡೋಲು ನಿಂತುಹೋಯಿತು. ನಾದಸ್ವರದವನು ಒಬ್ಬನೇ ಊದಿ ಊದಿ, ದಿಕ್ಕು ತಪ್ಪಿ, ಅವನೂ ನಿಲ್ಲಿಸಿದ. ತಾಳಿ ಕಟ್ಟುವಾಗ ಮೇಳ ನಿಂತರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹುಡುಗನ ಕಡೆಯ ನಾಲ್ಕು ಜನ ಅವರನ್ನು ಚಾಪೆಯಿಂದ ಎಳೆದು ಹಾಕಿದರು. "ಅಪಶಕುನ ಮಾಡ್ತೀಯಾ, ಕೊರಚ ನನ್ ಮಗ್ನೇ" ಎಂದು ಚಪ್ಪಲಿ ಕಾಲಿನಲ್ಲೇ ಒದ್ದರು. ಒಬ್ಬ ಡೋಲನ್ನೇ ಎತ್ತಿ ಬೆನ್ನ ಮೇಲೆ ಹಾಕಿದ.

ನಾನು ನುಗ್ಗಿ "ಏಯ್, ನಿಲ್ಸ್ರೋ!" ಎಂದು ಕೂಗಿದೆ. ಹೊಡೆಯುತ್ತಿದ್ದವರು ನಿಂತರು. ನೆಲದ ಮೇಲಿದ್ದ ಆ ಮನುಷ್ಯ, ಅರವತ್ತು ಸಮೀಪಿಸಿದ್ದವರು, ಅಷ್ಟು ಹೊತ್ತೂ ಒದೆ ತಿಂದರೂ ತುಟಿ ಪಿಟಕ್ಕೆನ್ನದವರು, ನನ್ನ ಗಂಟಲು ಕೇಳಿದ ಕೂಡಲೇ ಮೊಣಕಾಲು ಎದೆಗೆಳೆದುಕೊಂಡು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡರು. "ಹಾಜರ್ ಸ್ವಾಮಿ" ಎಂದರು.

ಆಗ ನಾನು ಆ ಬೆರಳುಗಳನ್ನು ನೋಡಿದೆ. ಊಟ ಮಾಡದೆ ಮದುವೆ ಮನೆಯಿಂದ ಎದ್ದು ಬಂದೆ.

ಎಂಟು ದಿನ ಬಿಟ್ಟು ಮುಳಬಾಗಿಲಿನ ಹೊರಗೆ ಕೆರೆ ಪಕ್ಕದ ಅವರ ಕಾಲೋನಿ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಅವರ ಹೆಂಡತಿ ಈಚಲು ಗರಿ ಸೀಳುತ್ತ ಕೂತಿದ್ದರು. ಯಾರೆಂದು ತೆಲುಗಿನಲ್ಲಿ ಕೇಳಿದರು, "ಎವರಯ್ಯಾ?" ನಾನು ಬಾಯಿ ಬಿಡುವಷ್ಟರಲ್ಲಿ ಇವರೇ ಒಳಗಿನಿಂದ ಬಂದರು. ಕೈಯಲ್ಲಿ ಬಾಗಿಲ ಹಿಂದಿನ ದೊಣ್ಣೆ. ಎಡಗೈಯಿಂದ ಬೀಸಿ ನನ್ನ ಭುಜದ ಮೇಲೆ ಒಂದೇ ಒಂದು ಏಟು ಹಾಕಿದರು. ಮೂಳೆ ಲಟಕ್ ಎಂದಿದ್ದು ನನಗೇ ಕೇಳಿಸಿತು. ಅವರ ಹೆಂಡತಿ "ಅಯ್ಯೋ ದೇವುಡಾ" ಎಂದು ಎದ್ದರು. ಇವರು ದೊಣ್ಣೆಯನ್ನು ಇದ್ದ ಜಾಗದಲ್ಲಿ ಇಟ್ಟು ಬಂದು, ಪಕ್ಕದ ಮನೆಯವರ ಆಟೋದಲ್ಲಿ ನನ್ನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಕೇಳಿದಾಗ ನಾನು ಬೈಕಿನಿಂದ ಬಿದ್ದೆ ಎಂದೆ. "ನಾಯಿ ಅಡ್ಡ ಬಂತು ಡಾಕ್ಟ್ರೇ" ಎಂದು ಅವರು ಸೇರಿಸಿದರು. ನಮ್ಮಿಬ್ಬರ ಸ್ನೇಹ, ಅದನ್ನು ಸ್ನೇಹ ಎನ್ನಬಹುದಾದರೆ, ಶುರುವಾದದ್ದು ಹೀಗೆ.

ಆಮೇಲೆ ವಾರಕ್ಕೊಂದು ಸಲ ಹೋಗುತ್ತಿದ್ದೆ. ನಾನು 'ನೀವು' ಎಂದರೆ "ಈಗ ಮರ್ಯಾದೆ ಬಂತಾ ಸಾರ್, ಪೆನ್ಶನ್ ಜೊತೆಗೆ ಕೊಟ್ರಾ?" ಎಂದು ಚುಚ್ಚುತ್ತಿದ್ದರು. ಬಾಗಿಲಿಗೆ ಬೆನ್ನು ಹಾಕಿ ಅವರು ಕೂತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಊಟವನ್ನು ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವಂತೆ ಗಬಗಬ ಉಣ್ಣುತ್ತಿದ್ದರು. ಡೋಲನ್ನು 'ಮುದುಕ' ಎಂದು ಕರೆದು, ಶ್ರುತಿಗೆ ಬಾರದಿದ್ದರೆ ಅದರ ಅಮ್ಮ ಅಕ್ಕನನ್ನೆಲ್ಲ ಬೈಯುತ್ತಿದ್ದರು. ಮಾವಿನ ಕಾಲದಲ್ಲಿ ಗೌನಿಪಲ್ಲಿಯ ಮದುವೆಗಳೆಂದರೆ ಪ್ರಾಣ. ಉಪ್ಪುಖಾರ ಹಚ್ಚಿದ ತೋತಾಪುರಿ ಹೋಳನ್ನು ದವಡೆಯಲ್ಲಿ ಇಟ್ಟುಕೊಂಡೇ ಬಾರಿಸುತ್ತಿದ್ದರು.

ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಒಮ್ಮೆ ಕೋಲಾರದಲ್ಲಿ ಯಾವುದೋ ಕಲಾಮೇಳ. ಸಂಘಟಕನೊಬ್ಬ ಇವರ ತಂಡಕ್ಕೆ ನವಿಲುಗರಿಯ ಕಿರೀಟ, ಸೊಪ್ಪಿನ ಲಂಗ ತಂದುಕೊಟ್ಟ. "ಬುಡಕಟ್ಟು ಅಂದ್ರೆ ಹಿಂಗಿದ್ರೇನೇ ಜನಕ್ಕೆ ಗೊತ್ತಾಗೋದು" ಎಂದ. ಇವರು ಸಮಾಧಾನವಾಗಿಯೇ ಕೇಳಿದರು, "ನಿಮ್ಮಪ್ಪ ಏನ್ ಉಡ್ತಿದ್ರು ಸ್ವಾಮಿ?" ಅವನು ಪಂಚೆ ಎಂದ. "ನಮ್ಮಪ್ಪನೂ ಪಂಚೇನೇ. ಕತ್ತೆ ಮೇಲೆ ಉಪ್ಪು ಹೇರ್ಕೊಂಡು ಮದ್ರಾಸ್ ಸೀಮೆಯಿಂದ ನಿಮ್ ಮನೆ ಬಾಗ್ಲಿಗೆ ತಂದುಕೊಟ್ಟೋರು ನಮ್ ತಾತಂದಿರು. ರೈಲು ತಂದ್ರು, ಉಪ್ಪಿಗೆ ಕಾನೂನು ತಂದ್ರು, ನಮ್ ಕತ್ತೆ ಖಾಲಿಯಾದ್ವು. ಖಾಲಿ ಕತ್ತೆ ಹಿಡ್ಕೊಂಡು ತಿರುಗೋನು ಕಳ್ಳ ಅಂದ್ರು ಬಿಳೇರು. ಕಾಡ್ ನೋಡ್ದೋರೇ ಅಲ್ಲ ನಾವು, ಸೊಪ್ಪು ಉಡಿಸ್ತೀಯಾ?" ಎನ್ನುತ್ತ ಆ ಕಿರೀಟವನ್ನು ಅವನ ತಲೆಗೇ ಇಟ್ಟು ಎರಡೂ ಕೈಯಿಂದ ಕಿವಿಯವರೆಗೆ ಒತ್ತಿದರು. ತಂತಿ ಚುಚ್ಚಿ ಅವನ ಹಣೆಯಲ್ಲಿ ರಕ್ತ ಬಂತು. ತಂಡ ಬಾರಿಸದೆ ವಾಪಸು ಬಂತು. ಬಸ್ಸಿನಲ್ಲಿ ಅವರು ಮುಳಬಾಗಿಲಿನವರೆಗೂ ನಗುತ್ತಿದ್ದರು.

ಒಂದು ಮಧ್ಯಾಹ್ನ ಮಾತಿಗೆ ಮಾತು ಬಂದು ನಾನು ಕೇಳಿದೆ. ಆಗೆಲ್ಲ ನಮ್ಮ ಜೀಪು ಯಾವಾಗ ಬಂದರೂ ನಿಮ್ಮ ಹಟ್ಟಿಯಲ್ಲಿ ಡೋಲು ಕೇಳಿಸುತ್ತಿತ್ತಲ್ಲ, ನಮ್ಮ ಇನ್ಸ್‌ಪೆಕ್ಟರ್ 'ಈ ನನ್ಮಕ್ಳಿಗೆ ದಿನಾ ದೇವರಾ' ಎಂದು ಬೈಯುತ್ತಿದ್ದರು, ಅದು ಯಾವ ದೇವರು ಎಂದೆ.

ಅವರಿಗೆ ನಗು ಬಂದು ಕೆಮ್ಮು ಹತ್ತಿತು. "ಅದು ನಿಮ್ದೇ ದೇವ್ರು ಸಾರ್. ಬಂಡೆ ಮೇಲಿಂದ ಜೀಪಿನ ಧೂಳು ಕಂಡ್ರೆ ಶುರು ಮಾಡೋದು. ನಿಧಾನಕ್ಕೆ ಹೊಡೆದ್ರೆ ಜೀಪು ಕೆರೆ ಹತ್ರ ಐತೆ ಅಂತ. ಜೋರಾದ್ರೆ ಬೇವಿನ ಮರದ ಹತ್ರ. ಗಂಡಸ್ರೆಲ್ಲ ನೀಲಗಿರಿ ತೋಪಿಗೆ ಓಡೋರು."

"ಹೊಡೆಯೋನು?"

"ಹೊಡೆಯೋನು ಓಡಂಗಿಲ್ಲ. ಅವ್ನು ಓಡಿದ್ರೆ ಓಡ್ತಿರೋರಿಗೆ ಜೀಪು ಎಲ್ಲಿಗ್ ಬಂತು ಅಂತ ಹೆಂಗ್ ಗೊತ್ತಾಗುತ್ತೆ? ಕೈಗೆ ಸಿಗೋ ತನಕ ಹೊಡೀಬೇಕು. ಅದು ನಮ್ ಮನೆ ಕಟ್ಟು. ನಮ್ ತಾತ ಹೊಡೆದ, ನಮ್ಮಪ್ಪ ಹೊಡೆದ."

ನಾವು ಠಾಣೆಯಲ್ಲಿ ಹಾಕಿದ್ದ ತರ್ಕ ಬೇರೆಯೇ ಇತ್ತು. ಎಲ್ಲರೂ ಓಡುವಾಗ ಇವನೊಬ್ಬ ಓಡುವುದಿಲ್ಲ, ಅಂದರೆ ಇವನಿಗೆ ಧೈರ್ಯ ಜಾಸ್ತಿ, ಅಂದರೆ ಇವನೇ ಗುಂಪಿನ ಮುಖಂಡ. ಸಿಕ್ಕಿದವನು ಸದಾ ಅವನೊಬ್ಬನೇ ಆದ್ದರಿಂದ ಏಟೂ ಸದಾ ಅವನೊಬ್ಬನಿಗೇ. ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಮುಖಂಡ' ಎಂದು ಬರೆದಿದ್ದೆವು.

ಆ ಮುಖಂಡ ಇವರ ತಂದೆ.

ಆ ದಿನದ್ದನ್ನು ಈಗ ಬರೆಯಬೇಕು. ಒಂದು ಊರಿನ ಗುಡಿಯಲ್ಲಿ ದೇವರ ಬೆಳ್ಳಿ ಮುಖವಾಡ ಕಳುವಾಯಿತು. ಶಿವಾರಪಟ್ಟಣದಲ್ಲಿ ಕಡೆಸಿ ತಂದ ಹೊಸ ಕಲ್ಲಿನ ವಿಗ್ರಹ, ಅದಕ್ಕೆ ಊರವರೆಲ್ಲ ಸೇರಿ ಮಾಡಿಸಿದ್ದ ಮುಖವಾಡ. ಊರು ಕುದಿಯುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಜೀಪು ಹೊರಟಿತು. ಡೋಲು ಕೇಳಿಸಿತು. ಬೇವಿನ ಮರದ ಕೆಳಗೆ ಅವರ ತಂದೆ ಡೋಲು ಕೊರಳಿಗೆ ಹಾಕಿಕೊಂಡು ನಿಂತಿದ್ದರು, ನಾವು ಹಿಡಿದುಕೊಳ್ಳುವವರೆಗೂ ಬಾರಿಸುತ್ತಲೇ ಇದ್ದರು. ಠಾಣೆಯ ಹಿಂದಿನ ಕೋಣೆಯಲ್ಲಿ ಮೊದಲು ಅಂಗಾಲಿಗೆ ಹೊಡೆದೆವು. ಮುಖವಾಡ ಎಲ್ಲಿ ಎಂದು ಕೇಳಿದರೆ ಆತ "ದೇವ್ರ ಮುಖ ನಮಗ್ಯಾಕೆ ಸ್ವಾಮಿ, ನಮ್ಮನ್ನ ಗುಡಿಯೊಳಕ್ಕೇ ಬಿಡಲ್ವಲ್ಲ" ಎಂದ. ಇನ್ಸ್‌ಪೆಕ್ಟರಿಗೆ ಅದು ದುರಹಂಕಾರವಾಗಿ ಕೇಳಿಸಿತು. ಎದೆಗೆ, ಪಕ್ಕೆಗೆ ಬಿತ್ತು. ನಾಲ್ಕು ಜನ ಇದ್ದೆವು. ಲಾಠಿ ಕೈಯಿಂದ ಕೈಗೆ ಬರುತ್ತಿತ್ತು. ನನ್ನ ಸರದಿ ಬಂದಾಗ ನಾನೂ ಹೊಡೆದೆ. ಕೈ ತಡೆಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಮೇಲಿನವರು ಹೇಳಿದರು ಎನ್ನುವ ನೆಪ ಈಗ ಹೇಳಿದರೆ ನನ್ನ ಬಾಯಿಯೇ ನಾರುತ್ತದೆ. ಮಧ್ಯಾಹ್ನ ಮೂರಕ್ಕೆ ನೀರು ಕೊಡಲು ಹೋದವನು ಹೊರಗೆ ಬಂದು ತಲೆ ಅಲ್ಲಾಡಿಸಿದ.

ಇನ್ಸ್‌ಪೆಕ್ಟರ್ ಡೈರಿ ನನ್ನ ಮುಂದೆ ತಳ್ಳಿದರು. ನನ್ನ ಅಕ್ಷರ ದುಂಡಗೆ. 'ಸದರಿಯವನನ್ನು ವಿಚಾರಣೆ ನಡೆಸಿ ಬಿಟ್ಟು ಕಳುಹಿಸಲಾಗಿದೆ' ಎಂದು ಬರೆದೆ. ಹೆಣ ರೈಲು ಹಳಿಯ ಮೇಲೆ ಸಿಕ್ಕಿತು. ಅಪಘಾತ ಎಂದಾಯಿತು. ಹೆಣ ಸಿಗುವ ಮುಂಚೆ ಸಂಜೆ ಮಗ ಠಾಣೆಗೆ ಬಂದು ಬಾಗಿಲಲ್ಲಿ ನಿಂತಿದ್ದ. ನಾನೇ ಹೇಳಿದೆ, "ಬಿಟ್ಟು ಕಳಿಸಿದ್ವಲ್ಲೋ, ಇನ್ನೂ ಬಂದಿಲ್ವಾ?" ಮುಖವಾಡ ನಾಲ್ಕು ತಿಂಗಳ ಮೇಲೆ ಗುಡಿಯ ಧರ್ಮದರ್ಶಿಯ ಮನೆ ಅಟ್ಟದಲ್ಲೇ ಸಿಕ್ಕಿತು. ಕೇಸು ಮಾಡದೆ ಊರಿನಲ್ಲೇ ಮುಚ್ಚಿ ಹಾಕಿದರು.

ತಂದೆಯ ಡೋಲನ್ನು ಮಗ ಕೊರಳಿಗೆ ಹಾಕಿಕೊಂಡ. ಹಾಗಾಗಿ ಮುಂದಿನ ಸಲ ಸಿಕ್ಕಿದವನು ಮಗ. ಇವನ ಕೈಯಲ್ಲಿ ಡೋಲು ಇದ್ದರೆ ತಾನೆ ಈ ದೇವರ ಗದ್ದಲ ಎಂದು ಇನ್ಸ್‌ಪೆಕ್ಟರ್ ರೇಗಿದರು. ಬಲಗೈಯನ್ನು ಅಂಗಳದ ಚಪ್ಪಡಿಯ ಮೇಲೆ ಹರಡಿಸಿದರು. ಬೂಟು ಹಾಕಿಕೊಂಡಿದ್ದವನು ನಾನು.

ಇಷ್ಟೆಲ್ಲ ಆದಮೇಲೂ ಅವರು ನನ್ನನ್ನು ಏಕೆ ಮನೆಗೆ ಬಿಟ್ಟುಕೊಂಡರು ಎಂದು ನಾನು ಬಹಳ ಯೋಚಿಸಿದ್ದೇನೆ. ಕ್ಷಮಿಸಿದ್ದರು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಅವರು ಕ್ಷಮಿಸಿರಲಿಲ್ಲ. ಅವರಿಗೆ ನನ್ನಿಂದ ಒಂದು ಕೆಲಸ ಆಗಬೇಕಾಗಿತ್ತು, ಅದಕ್ಕೆ ಕಾಯುತ್ತಿದ್ದರು.

ಆಲ್ಬಂ ಮಾಡುವ ಹುಚ್ಚು ಹತ್ತಿದ್ದು ಮಸ್ತಾನ್ ಎಂಬಾತನಿಂದ. ಮುಳಬಾಗಿಲಿನಲ್ಲಿ ಹೂವಿನ ಅಂಗಡಿಯ ಮೇಲೆ ಒಂದು ಕೋಣೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿಕೊಂಡು ಚುನಾವಣೆಯ ಪ್ರಚಾರ, ಅಂಗಡಿ ಜಾಹೀರಾತು ರೆಕಾರ್ಡ್ ಮಾಡುತ್ತಿದ್ದ. ಆಲ್ಬಂ ಎಂದಾಗ ಅವರ ಹೆಂಡತಿ ನಮ್ಮ ಮದುವೆಗೇ ಫೋಟೋ ತೆಗೆಸಲಿಲ್ಲ, ಈಗ್ಯಾಕೆ ಎಂದಿದ್ದರಂತೆ. ಸಂತೆಯಲ್ಲಿ ಅವರ ಮನೆಮಾತು ಆಡಿದರೆ ಜನ ಚೀಲ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆಂದು ಹಟ್ಟಿಯವರು ಅದನ್ನು ಹೊರಗೆ ಬಿಟ್ಟೇಬಿಟ್ಟಿದ್ದರು. ಇವರು ಆ ಮಾತಿನಲ್ಲೇ ಹಾಡಿದರು. ಉಪ್ಪು ಹೊತ್ತ ಕತ್ತೆಯ ಹಾಡು, ಬಿಳಿಯರು ಕೂಡಿಹಾಕಿದ್ದ ತಂತಿ ಬೇಲಿಯ ಕ್ಯಾಂಪಿನಲ್ಲಿ ಹೆತ್ತ ಅಜ್ಜಿಯ ಹಾಡು. ಗಂಟಲು ಒರಟು, ಶ್ರುತಿ ಅಲ್ಲಲ್ಲಿ ಜಾರುತ್ತದೆ. ಆದರೂ ಕೇಳುವಾಗ ನನಗೆ ಕೂರಲಾಗುವುದಿಲ್ಲ.

ಮೊದಲ ಹಾಡಿಗೆ ಅವರು ಆ ಡೋಲಿನ ಪೆಟ್ಟನ್ನೇ ತಂದರು, ಕೆರೆಯಿಂದ ಬೇವಿನ ಮರದವರೆಗೆ. ಅದಕ್ಕೆ ಹಟ್ಟಿಯ ಹಿರಿಯರು ಕೆಂಡವಾದರು. ನಮ್ಮನ್ನು ಉಳಿಸಿದ ಗುಟ್ಟನ್ನು ಊರಿಗೆಲ್ಲ ಮಾರುತ್ತೀಯಾ, ನಾಳೆ ಜೀಪು ಬಂದರೆ ಏನು ಬಾರಿಸುತ್ತೀಯ ಎಂದು ಮನೆಗೆ ನುಗ್ಗಿ ಕುಡುಗೋಲಿನಿಂದ ಡೋಲಿನ ಎರಡೂ ಚರ್ಮ ಸೀಳಿದರು. ತಡೆಯಲು ಹೋದ ಇವರ ಮೊಣಕೈ ಸೀಳಿ ಆರು ಹೊಲಿಗೆ ಬಿತ್ತು. ಇವರು ರಕ್ತ ಸುರಿಸಿಕೊಂಡೇ ಕೂಗಿದರು, "ಇನ್ನೆಷ್ಟು ತಲೆಮಾರು ಓಡ್ತೀರೋ? ಓಡಬೇಕಾದೋರು ಈಗ ನಾವಲ್ಲ ಕಣ್ರೋ!" ಹದಿನೈದು ದಿನದಲ್ಲಿ ಹೊಸ ಚರ್ಮ ಬಿಗಿಸಿಕೊಂಡು ಅದೇ ಪೆಟ್ಟು ರೆಕಾರ್ಡ್ ಮಾಡಿಸಿದರು. ಡೋಲು ಸೀಳಿದ ಮುದುಕರಲ್ಲೇ ಇಬ್ಬರು ಆಮೇಲೆ ನಾಲ್ಕನೆಯ ಹಾಡಿಗೆ ಬಂದು ನಿಂತರು.

ಆ ನಾಲ್ಕನೆಯ ಹಾಡಿಗೆ ನಾನು ಬೇಕಾಗಿತ್ತು. ಹಾಜರಿಯ ಹಾಡು. ಹನ್ನೊಂದು ಹೆಸರು ಕೂಗಬೇಕು. "ಮಸ್ತಾನ್ ಚೆನ್ನಾಗ್ ಕೂಗ್ತಾನೆ, ನಾಟಕದೋರೂ ಸಿಗ್ತಾರೆ. ನಂಗೆ ಅವ್ರು ಬ್ಯಾಡ. ಹೆಸರು ಕೂಗಿದ ಗಂಟಲೇ ಬೇಕು" ಎಂದರು. ನಾನು ಒಂದು ತಿಂಗಳು ಅವರ ಮನೆ ಕಡೆ ತಲೆ ಹಾಕಲಿಲ್ಲ. ನನಗೂ ಹೆಂಡತಿ, ಅಳಿಯ, ಬೀದಿಯಲ್ಲಿ ಒಂದು ಹೆಸರು ಅಂತ ಇತ್ತಲ್ಲ. ಕೊನೆಗೆ, ಆ ಹೆಸರುಗಳನ್ನು ಕೂಗಿ ಬಂದರೆ ಎದೆಯ ಭಾರ ಇಳಿಯುತ್ತದೆ ಎಂಬ ಆಸೆಯಿಂದ ಒಪ್ಪಿದೆ. ಅಗ್ಗದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ.

ಬೆಳಿಗ್ಗೆ ಹನ್ನೊಂದು ಗಂಟೆ. ಕೋಣೆಯಲ್ಲಿ ಹಟ್ಟಿಯ ಗಂಡಸರು ಸಾಲಾಗಿ ನಿಂತಿದ್ದರು. ಹನ್ನೊಂದರಲ್ಲಿ ಏಳು ಜನ ಸತ್ತಿದ್ದರು. ಸತ್ತವರ ಬದಲು ಅವರ ಮಕ್ಕಳು ಬಂದಿದ್ದರು. ನಾನು ಮೈಕಿನ ಮುಂದೆ ನಿಂತು ಮೊದಲ ಹೆಸರು ಹೇಳಿದೆ. "ಇದು ರಿಟೈರಾದ ಗಂಟಲು ಸಾರ್. ಆವಾಗಿಂದು ತೆಗಿ" ಎಂದರು. ಇನ್ನೊಮ್ಮೆ ಹೇಳಿದೆ. ಸಾಲದು ಎಂದರು. ನನಗೆ ರೇಗಿತು. ಆ ರೇಗಿನಲ್ಲಿ ಹಳೆಯ ಗಂಟಲು ಬಂದುಬಿಟ್ಟಿತು. ಸಾಲಿನ ಕೊನೆಯಲ್ಲಿದ್ದ ಎಂಬತ್ತರ ಮುದುಕರೊಬ್ಬರು ತಮಗೇ ತಿಳಿಯದೆ ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅದನ್ನು ನೋಡಿಯೂ ನಾನು ಕೂಗುತ್ತಲೇ ಹೋದೆ. ಪುಸ್ತಕ ಬೇಕಾಗಲಿಲ್ಲ, ಹೆಸರುಗಳು ಅದೇ ಸಾಲಿನಲ್ಲಿ ನಾಲಗೆಯ ಮೇಲಿದ್ದವು. ಪ್ರತಿ ಹೆಸರಿಗೂ "ಹಾಜರ್", ಪ್ರತಿ ಹಾಜರಿಗೂ ಡೋಲಿನ ಒಂದು ಪೆಟ್ಟು.

ಒಂಬತ್ತನೆಯ ಹೆಸರು ಅವರ ತಂದೆಯದು. ಕೂಗಿದೆ. ಯಾರೂ ಹಾಜರ್ ಎನ್ನಲಿಲ್ಲ. ಡೋಲೂ ಬೀಳಲಿಲ್ಲ. ಅವರು ನನ್ನ ಕಣ್ಣನ್ನೇ ನೋಡುತ್ತ ಕೇಳಿದರು, "ಇವ್ನೆಲ್ಲಿ ಸಾರ್?"

ನನ್ನ ಬಾಯಿಂದ ತಟ್ಟನೆ ಬಂದ ಮಾತು, "ಬಿಟ್ಟು ಕಳಿಸಿದ್ವಿ."

ನಾನು ಯೋಚಿಸಿ ಹೇಳಿದ್ದಲ್ಲ. ನಲವತ್ತು ವರ್ಷದಿಂದ ಒಳಗೆ ಕೂತಿದ್ದ ವಾಕ್ಯ ತಾನೇ ಎದ್ದು ಬಂತು. ಅವರು ಮಣಿಕಟ್ಟಿನ ಕಡ್ಡಿಯಿಂದ ಒಂದು ಪೆಟ್ಟು ಕೊಟ್ಟು ಮತ್ತೆ ಕೇಳಿದರು. "ಇವ್ನೆಲ್ಲಿ ಸಾರ್?" ಇನ್ನೊಂದು ಪೆಟ್ಟು. "ಇವ್ನೆಲ್ಲಿ?" ನಾನು ಕೆಳಗೆ ಕೂತೆ. ಕೂತಲ್ಲಿಂದಲೇ ಎಲ್ಲವನ್ನೂ ಹೇಳಿದೆ. ಒಂಬತ್ತು ಗಂಟೆಯಿಂದ ಮೂರು ಗಂಟೆಯವರೆಗಿನದು, ಯಾರು ಯಾರು ಇದ್ದೆವು, ಎಲ್ಲೆಲ್ಲಿ ಹೊಡೆದೆವು, ಡೈರಿ, ರೈಲು ಹಳಿ. ಮಸ್ತಾನ್ ಕಿವಿಯ ಮೇಲಿನ ಹೆಡ್‌ಫೋನ್ ತೆಗೆದು ಮುಖ ಗೋಡೆಗೆ ತಿರುಗಿಸಿಕೊಂಡ. ಅವರ ಕಣ್ಣಲ್ಲಿ ಮಾತ್ರ ಒಂದು ಹನಿಯೂ ಇರಲಿಲ್ಲ.

"ಎಲ್ಲಾ ಬಂತೇನೋ?" ಎಂದು ಮಸ್ತಾನನನ್ನು ಕೇಳಿದರು.

"ಬಂದಿದೆ ಭಾಯ್. ಇದು ಹಾಕಿದ್ರೆ ದೇಶ ಎಲ್ಲಾ ಕೇಳ್ತದೆ."

"ಅಳಿಸ್ಬಿಡು."

ನಾವಿಬ್ಬರೂ ಅವರ ಮುಖ ನೋಡಿದೆವು. ಅವರು ನನ್ನ ಕಡೆ ತಿರುಗಿದರು. "ಹಾಡಲ್ಲಿ ಇದನ್ನ ಹೇಳಿದ್ರೆ ಕೇಳ್ದೋರು ಚಪ್ಪಾಳೆ ಹೊಡೀತಾರೆ ಸಾರ್. ಹೆಂಗ್ ಒಪ್ಕೊಂಡ ನೋಡು, ಎಂಥಾ ದೊಡ್ಡ ಮನುಷ್ಯ ಅಂತಾರೆ. ನಮ್ಮಪ್ಪ ಸತ್ತಿದ್ದು ನೀನು ಚಪ್ಪಾಳೆ ತಗೊಳ್ಳೋಕಲ್ಲ. ನೀನು ಸುಳ್ಳು ಬರ್ದಿದ್ದು ಸರ್ಕಾರದ ಪುಸ್ತಕದಾಗೆ. ಅಲ್ಲಿ ಹೋಗಿ ಹೇಳು." ಆಮೇಲೆ ಮಸ್ತಾನನಿಗೆ, "ಮೊದ್ಲು ಹೇಳಿದ್ನಲ್ಲ, ಬಿಟ್ಟು ಕಳಿಸಿದ್ವಿ ಅಂತ, ಅದು ಇರ್ಲಿ. ಇವ್ನು ಹೋಗಿ ಹೇಳಿದ ದಿನ ಅದನ್ನ ತೆಗೆದು ನಿಜ ಹೇಳ್ಸಿ ಹಾಕು" ಎಂದರು.

ಈಗ ಎಲ್ಲ ಫೋನಿನಲ್ಲೇ ಕೇಳುವುದರಿಂದ ಯಾವಾಗ ಬೇಕಾದರೂ ಬದಲಾಯಿಸಬಹುದು ಎಂದು ಮಸ್ತಾನ್ ತಲೆಯಾಡಿಸಿದ.

ಆಲ್ಬಂ ಹಾಗೆಯೇ ಹೊರಬಂತು. ನಾಲ್ಕನೆಯ ಹಾಡಿನಲ್ಲಿ ಹೆಸರು, ಹೆಸರು, ಪೆಟ್ಟು, ಪೆಟ್ಟು, ಆಮೇಲೆ ನನ್ನ ಗಂಟಲಿನಲ್ಲಿ "ಬಿಟ್ಟು ಕಳಿಸಿದ್ವಿ". 'ವಸಾಹತುಶಾಹಿಯ ಕ್ರೌರ್ಯವನ್ನು ಒಂದೇ ಸಾಲಿನಲ್ಲಿ ಹಿಡಿದ ಅಜ್ಞಾತ ನಟ' ಎಂದು ಒಂದು ಪತ್ರಿಕೆ ನನ್ನನ್ನು ಮೆಚ್ಚಿಕೊಂಡಿತ್ತು. ನನ್ನ ಅಳಿಯ ಅದನ್ನು ಊಟದ ಹೊತ್ತಿನಲ್ಲಿ ಜೋರಾಗಿ ಓದಿದ, ಯಾರೆಂದು ತಿಳಿಯದೆ. ನಾನು ಅನ್ನ ಕಲಸುತ್ತಿದ್ದೆ.

ಹೋಗಿ ಹೇಳಲಿಲ್ಲ. ಇವತ್ತು ನಾಳೆ ಎಂದು ಎಂಟು ತಿಂಗಳು ತಳ್ಳಿದೆ. ಪೆನ್ಶನ್ ನಿಂತರೆ, ಜೈಲಾದರೆ, ಮಗಳ ಅತ್ತೆಮನೆಯವರು ಏನೆಂದಾರು; ಹೆದರುವವನಿಗೆ ನೆಪಕ್ಕೆ ಬರವೇ? ಇನ್ಸ್‌ಪೆಕ್ಟರ್ ಸತ್ತು ಎಷ್ಟೋ ವರ್ಷವಾಗಿತ್ತು, ಉಳಿದ ಇಬ್ಬರೂ ಇರಲಿಲ್ಲ. ಬದುಕಿದ್ದವನು ನಾನೊಬ್ಬ. ಅವರ ಮನೆಗೆ ಹೋಗುವುದನ್ನೂ ಬಿಟ್ಟೆ. ಅವರು ಒಮ್ಮೆಯೂ ಫೋನು ಮಾಡಿ ಕೇಳಲಿಲ್ಲ. ಕೇಳಿದ್ದರೆ ಬೈಸಿಕೊಂಡಾದರೂ ಹಗುರಾಗುತ್ತಿದ್ದೆ.

ಶ್ರೀನಿವಾಸಪುರದ ಕಡೆ ಒಂದು ಮದುವೆ ಮುಗಿಸಿ ಬರುವಾಗ ಬಸ್ಸಿನಲ್ಲೇ ಎದೆನೋವು ಬಂತಂತೆ. ಮುಳಬಾಗಿಲು ತಲುಪಿ ಮನೆಯ ಬಾಗಿಲಲ್ಲಿ ಪ್ರಾಣ ಬಿಟ್ಟರು. ಮಣ್ಣಿಗೆ ನಾನೂ ಹೋಗಿದ್ದೆ. ದೂರ ನಿಂತಿದ್ದೆ. ಎಲ್ಲ ಮುಗಿದ ಮೇಲೆ ಅವರ ಹೆಂಡತಿ ನೇರವಾಗಿ ನನ್ನ ಹತ್ತಿರ ಬಂದರು. ಅಳುತ್ತಿರಲಿಲ್ಲ.

"ಹಾಡಲ್ಲಿ ಇನ್ನೂ ನಿನ್ ಸುಳ್ಳೇ ಐತೆ ಸಾರ್. ನಿನ್ನೆ ಕೂಡ ಹಾಕಿ ಕೇಳಿದೆ" ಎಂದರು. "ಅವ್ರು ದಿನಾ ಕೇಳೋರು. ಬದಲಾಗೈತಾ ಅಂತ ನೋಡೋಕೆ."

"ಪೋನೀ, ಹೋಗ್ಲಿ ಬಿಡು" ಎಂದು ಹೇಳಿ ಅವರು ಹೊರಟುಹೋದರು. ಆ ಮಾತಿನಲ್ಲಿ ಸಮಾಧಾನ ಇರಲಿಲ್ಲ, ನನ್ನಲ್ಲಿ ಇಟ್ಟಿದ್ದ ಕೊನೆಯ ನಂಬಿಕೆಯನ್ನೂ ಕೈಬಿಟ್ಟ ಹಾಗಿತ್ತು. ದೊಣ್ಣೆ ಏಟು ಇದಕ್ಕಿಂತ ವಾಸಿಯಾಗಿತ್ತು.

ಕಳೆದ ಸೋಮವಾರ ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಹೋದೆ. ಮನೆಯಲ್ಲಿ ಹೇಳಿಯೇ ಹೋದೆ. ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಲ್ಕು ಪುಟದ ಹೇಳಿಕೆಯನ್ನು ಅದೇ ದುಂಡನೆಯ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದೆ. ಪೊಲೀಸರ ದೊಡ್ಡ ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಮಗಳ ವಯಸ್ಸಿನ ಒಬ್ಬಾಕೆ ಕೂತಿದ್ದಳು. ಇಂಥ ಹಳೆಯ ಸಾವಿನ ಅರ್ಜಿ ತರುವವರೆಲ್ಲ ಕಳೆದುಕೊಂಡವರೇ ಎಂದು ಆಕೆಗೆ ರೂಢಿಯಾಗಿರಬೇಕು. ಪುಟ ತಿರುವದೆ, ಮೊದಲು ಮುಂದಿದ್ದ ನಮೂನೆ ತುಂಬಿಸತೊಡಗಿದಳು. ನನ್ನ ಹೆಸರು, ವಯಸ್ಸು, ವಿಳಾಸ. ಸತ್ತವರ ಹೆಸರು ಕೇಳಿದಳು, ಅವರ ತಂದೆಯ ಹೆಸರು ಹೇಳಿದೆ. ಕನಿಕರದಿಂದ, ಸಣ್ಣ ದನಿಯಲ್ಲಿ ಮುಂದಿನ ಸಾಲು ಓದಿದಳು.

"ಸತ್ತೋರು ನಿಮಗೆ ಏನಾಗ್ಬೇಕು ಸಾರ್?"

"ಏನೂ ಆಗ್ಬೇಕಿಲ್ಲಮ್ಮ" ಎಂದೆ. "ಕೊಂದೋರಲ್ಲಿ ನಾನೊಬ್ಬ. ಬರ್ಕೊಳ್ಳಿ."